ಒಂದೇ ಹಾಡಿಗೆ ಮೂರು ಮಿಕ್ಸಿಂಗ್: ಬದಿಯಡ್ಕದ ಒಂದು ಸಣ್ಣ ಸ್ಟುಡಿಯೋ

ನಮ್ಮ ಭಜನಾ ಮಂಡಳಿಯ ನಾಲ್ಕೂವರೆ ನಿಮಿಷದ ಒಂದು ಹಾಡನ್ನು ಕಾಸರಗೋಡು ಜಿಲ್ಲೆಯ ಬದಿಯಡ್ಕ ಪೇಟೆಯಿಂದ ಸ್ವಲ್ಪ ಒಳಗಿರುವ, ಮನೆಯ ಮಹಡಿಯಲ್ಲೇ ನಡೆಯುವ ಸ್ಟುಡಿಯೋ ಒಂದರಲ್ಲಿ ಧ್ವನಿಮುದ್ರಿಸಿ, ಅದೇ ಧ್ವನಿಮುದ್ರಣವನ್ನು ಮೂರು ರೀತಿಯಲ್ಲಿ ಮಿಕ್ಸಿಂಗ್ (ಕಂಠ, ವಾದ್ಯಗಳ ಧ್ವನಿಯನ್ನು ಹದವಾಗಿ ಬೆರೆಸುವುದು) ಮಾಡಿಸಿದೆವು. ಇದು ಹಣ ಹೆಚ್ಚಾಗಿ ಮಾಡಿದ ಕೆಲಸವಲ್ಲ. ಹಾಡಿದವರಿಗೆ ಸಿನಿಮಾ ಹಾಡಿನ ವೈಭವ ಬೇಕಿತ್ತು, ತಬಲಾದವರಿಗೆ ಎಡಗೈಯ ಗುಮ್ಮೆನ್ನುವ ನಾದ ಬೇಕಿತ್ತು, ಹಿರಿಯರಿಗೆ ಸಾಹಿತ್ಯ ಸ್ಪಷ್ಟವಾಗಿ ಕೇಳಿಸಿದರೆ ಸಾಕಿತ್ತು. ಮಾತಿನಲ್ಲಿ ಮುಗಿಯದ ಈ ಚರ್ಚೆಯನ್ನು ಕಿವಿಗೇ ಒಪ್ಪಿಸೋಣವೆಂದು ತೀರ್ಮಾನಿಸಿದೆವು.

ಮೊದಲನೆಯ ಮಿಕ್ಸಿಂಗಿನಲ್ಲಿ ಸುಮಾರು 3 ಸೆಕೆಂಡುಗಳ ದೀರ್ಘ ರಿವರ್ಬ್ (ಅನುರಣನ) ಕೊಟ್ಟು, ಕೊಳಲು ಮತ್ತು ಪಿಟೀಲನ್ನು ಎರಡೂ ಬದಿಗಳಿಗೆ ಹರಡಲಾಗಿತ್ತು. ಹೆಡ್‌ಫೋನಿನಲ್ಲಿ ಕೇಳಿದಾಗ ದೊಡ್ಡ ಸಭಾಂಗಣದಲ್ಲಿ ಕುಳಿತಂತಾಯಿತು. ಆದರೆ ಚರಣದಲ್ಲಿ ಕಾಲ ದುಪ್ಪಟ್ಟಾಗುವಾಗ ಒಂದು ಅಕ್ಷರದ ಅನುರಣನ ಅಡಗುವ ಮೊದಲೇ ಮುಂದಿನ ಅಕ್ಷರ ಬರುತ್ತಿದ್ದುದರಿಂದ ಒತ್ತಕ್ಷರಗಳೆಲ್ಲ ಕಲಸಿಹೋದವು. ಫೋನಿನ ಸಣ್ಣ ಸ್ಪೀಕರಿನಲ್ಲಿ ತಗ್ಗಿನ ಸ್ವರಗಳು ಬಹುಮಟ್ಟಿಗೆ ಹೊರಡುವುದೇ ಇಲ್ಲವಾದ್ದರಿಂದ, ತಬಲಾದವರು ಆಸೆಪಟ್ಟು ಹೆಚ್ಚಿಸಿದ ನಾದ ಅಲ್ಲಿ ಇದ್ದೂ ಇಲ್ಲದಂತಾಯಿತು.

ಎರಡನೆಯದು ಇಂದಿನ ಆಲ್ಬಮ್‌ಗಳ ಮಾದರಿಯದು: ಕಂಪ್ರೆಶನ್ (ಧ್ವನಿಯ ಏರಿಳಿತವನ್ನು ಕುಗ್ಗಿಸುವುದು) ಬಿಗಿಯಾಗಿದ್ದು, ಪಿಸುಮಾತೂ ಕೂಗೂ ಒಂದೇ ಎತ್ತರದಲ್ಲಿದ್ದವು. ಮೊದಲ ಸಲ ಕೇಳಿದಾಗ ನನ್ನನ್ನೂ ಸೇರಿಸಿ ಎಲ್ಲರೂ ಇದನ್ನೇ ಮೆಚ್ಚಿದೆವು. ಈ ಸ್ಟುಡಿಯೋದ ಬಗ್ಗೆ ನನಗೆ ಗೌರವ ಮೂಡಿದ್ದು ಆ ಹೊತ್ತಿನಲ್ಲಿ. ತಂತ್ರಜ್ಞರು ನಮ್ಮ ಮೆಚ್ಚುಗೆಯನ್ನು ಒಪ್ಪಿಕೊಂಡು ಸುಮ್ಮನಾಗದೆ, ಮೂರೂ ಮಿಕ್ಸಿಂಗುಗಳ ಗಟ್ಟಿತನವನ್ನು ಸಮಕ್ಕೆ ತಂದು, ಯಾವುದು ಯಾವುದೆಂದು ಹೇಳದೆ ಮತ್ತೆ ಕೇಳಿಸಿದರು. ಎರಡನೆಯದರ ಆಕರ್ಷಣೆ ಅಲ್ಲಿಗೇ ಇಳಿಯಿತು. ಧ್ವನಿ ತಗ್ಗಿದಷ್ಟೂ ನಮ್ಮ ಕಿವಿಗೆ ಮಂದ್ರ ಸ್ವರಗಳು ಹೆಚ್ಚು ಮಂಕಾಗುತ್ತವೆ ಎಂಬುದನ್ನು ಅಮೆರಿಕದ ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲಿಯೇ ಅಳೆದು ತೋರಿಸಿದ್ದಾರೆ. ಹಾಗಾಗಿ ಗಟ್ಟಿಯಾಗಿರುವುದು ತುಂಬಿಕೊಂಡಂತೆ ಕೇಳಿಸಿ, ಅದೇ ಚೆನ್ನಾಗಿದೆಯೆಂಬ ಭ್ರಮೆ ಹುಟ್ಟಿಸುತ್ತದೆ. ಯೂಟ್ಯೂಬ್ ಕೂಡ ಅತಿ ಗಟ್ಟಿಯಾದ ಹಾಡನ್ನು ತಾನೇ ತಗ್ಗಿಸಿ ನುಡಿಸುವುದರಿಂದ ಆ ಬಿಗಿತದಿಂದ ಬಂದ ಲಾಭ ಅಲ್ಲಿ ಉಳಿಯುವುದಿಲ್ಲ. ಸೀಟಿಯಂತೆ ಕಿವಿಗೆ ಚುಚ್ಚುವ ಸಕಾರ, ಶಕಾರಗಳನ್ನು ಅಡಗಿಸಲು ಬಳಸಿದ ಡಿ-ಎಸರ್ ಇದರಲ್ಲಿ ಸ್ವಲ್ಪ ಅತಿಯಾಗಿ, ‘ಶರಣು’ ಎಂಬ ಪದ ನಾಲಗೆ ತೊದಲಿದಂತೆ ಕೇಳಿಸುತ್ತಿತ್ತು.

ಮೂರನೆಯದರಲ್ಲಿ ಕಂಠ ನಡುವೆ, ತಬಲಾ ತುಸು ಬಲಕ್ಕೆ, ಹಾರ್ಮೋನಿಯಂ ತುಸು ಎಡಕ್ಕೆ. ರಿವರ್ಬ್ ಸುಮಾರು 1 ಸೆಕೆಂಡು ಮಾತ್ರ, ಅದೂ ಅಕ್ಷರ ಹುಟ್ಟಿ 30 ಮಿಲಿಸೆಕೆಂಡುಗಳಾದ ಮೇಲೆ ಆರಂಭವಾಗುವಂತೆ. ಈ ಅಂತರ ಎಣಿಕೆಗೆ ಸಿಗುವಷ್ಟೂ ದೊಡ್ಡದಲ್ಲ, ಆದರೆ ಪದದ ಮೊದಲ ವ್ಯಂಜನ ಶುದ್ಧವಾಗಿ ಕಿವಿಗೆ ಬೀಳಲು ಅಷ್ಟೇ ಸಾಕು. ಹಾರ್ಮೋನಿಯಂನ 300 ಹರ್ಟ್ಸ್ ಆಸುಪಾಸಿನ ನಾದವನ್ನು 3 ಡೆಸಿಬೆಲ್ ತಗ್ಗಿಸಿದಾಗ ಕಂಠಕ್ಕೆ ಜಾಗ ಸಿಕ್ಕಿತು. ನಮ್ಮ ಹಾಡು ಕೊನೆಗೆ ಮೊಳಗಬೇಕಾದುದು ದೇವಸ್ಥಾನದ ಅಂಗಳದಲ್ಲಿ. ಅಲ್ಲಿ ಎಡ ಬಲ ಎರಡೂ ಕೂಡಿ ಒಂದೇ ಧ್ವನಿಯಾಗುತ್ತದೆ. ಹಾಗೆ ಕೂಡಿಸಿ ಪರೀಕ್ಷಿಸಿದಾಗ, ಒಂದು ಬದಿಯನ್ನು ತುಸು ತಡಮಾಡಿ ಹಿಗ್ಗಿಸಿದ್ದ ಮೊದಲನೆಯದರ ಪಿಟೀಲು ಸೊರಗಿ ತಗಡಿನಂತಾಯಿತು. ಮೂರನೆಯದರಲ್ಲಿ ಏನೂ ಕಳೆದುಹೋಗಲಿಲ್ಲ.

ಯಾವ ಮಿಕ್ಸಿಂಗೂ ಸರಿಪಡಿಸಲಾಗದ ಒಂದು ದೋಷವಿತ್ತು, ಅದು ನಮ್ಮದೇ. ಹಾರ್ಮೋನಿಯಂ ಪಕ್ಕದಲ್ಲಿದ್ದರೆ ಮಾತ್ರ ಶ್ರುತಿ ಹಿಡಿಯುತ್ತದೆಂದು ಹಟಹಿಡಿದು ಒಂದೇ ಕೋಣೆಯಲ್ಲಿ ಹಾಡಿದ್ದರಿಂದ ಅದರ ನಾದ ಕಂಠದ ಮೈಕಿಗೂ ಸೋರಿ, ಕಂಠವನ್ನು ಏರಿಸಿದಲ್ಲೆಲ್ಲ ಅದೂ ಜೊತೆಗೆ ಏರಿತು. ಬೇರೆ ಬೇರೆಯಾಗಿ ಹಾಡಿರೆಂದು ತಂತ್ರಜ್ಞರು ಮೊದಲೇ ಎಚ್ಚರಿಸಿದ್ದರು.

ತಂತ್ರಜ್ಞರ ಮನೆಮಾತು ಮಲಯಾಳ. ಕನ್ನಡ ಕೇಳಿದರೆ ತಿಳಿಯುತ್ತದೆ, ಓದಲು ಬಾರದು. ಆದ್ದರಿಂದ ಸಾಹಿತ್ಯವನ್ನು ಮಲಯಾಳ ಲಿಪಿಯಲ್ಲಿ ಬರೆಸಿಕೊಂಡು, ಪಲ್ಲವಿಯ ಅರ್ಥವನ್ನೂ ಕೇಳಿ ತಿಳಿದು, ಯಾವ ಪದ ಮುಂದೆ ಬರಬೇಕೆಂದು ಗುರುತು ಹಾಕಿಕೊಂಡರು. ಭಾಷೆ ಬಲ್ಲ ಎಷ್ಟೋ ಕಡೆ ನನಗೆ ಈ ಕಾಳಜಿ ಸಿಕ್ಕಿಲ್ಲ.

ಕೊರತೆಗಳೂ ಇವೆ. ಹೇಳಿದ ದಿನಕ್ಕಿಂತ ಒಂದು ವಾರ ತಡವಾಯಿತು. ಮೊದಲು ಎಂಪಿ3 ಮಾತ್ರ ಕಳುಹಿಸಿದರು. ಗುಣಮಟ್ಟ ಕುಗ್ಗದ 24 ಬಿಟ್ಟಿನ ವೇವ್ ಕಡತವನ್ನು ಕೇಳಿ ಪಡೆಯಬೇಕಾಯಿತು, ಕಂಠ, ವಾದ್ಯಗಳ ಬಿಡಿ ಟ್ರ್ಯಾಕುಗಳನ್ನಂತೂ ಎರಡು ಸಲ ಕೇಳಬೇಕಾಯಿತು. ಮೊದಲ ಮಿಕ್ಸಿಂಗಿಗೆ 3,000 ರೂಪಾಯಿ, ಉಳಿದ ಒಂದೊಂದಕ್ಕೆ 1,000 ರೂಪಾಯಿ ತೆಗೆದುಕೊಂಡರು. ಮಾಡಿದ ಕೆಲಸಕ್ಕೆ ಇದು ಹೆಚ್ಚೆಂದು ನನಗೆ ಅನಿಸಲಿಲ್ಲ. ಮಂಡಳಿಯ ಹೆಸರಿನಲ್ಲಿ ಹೊರಬರುವುದು ಮೂರನೆಯದು. ಹಾಡಿದವರು ಮಾತ್ರ ಮೊದಲನೆಯದನ್ನು ತಮ್ಮ ಫೋನಿಗೆ ಹಾಕಿಸಿಕೊಂಡು ಹೋಗಿದ್ದಾರೆ.