ಕೆಂಪು ನೆಲಕ್ಕೆ ಹಿತ್ತಾಳೆ ಬಟ್ಟಲು: ಸ್ಪೈಕ್ ಶೂ ಬಳಸಿದ ಒಂದು ವರ್ಷ

ನಮ್ಮದು ಮೈಸೂರಿನ ಹಳೆಯ ಮನೆ. ನಡುಮನೆಯಲ್ಲಿ ತಾತ ಹಾಕಿಸಿದ ರೆಡ್ ಆಕ್ಸೈಡ್ ನೆಲ. ಹಬ್ಬ ಬಂತು ಅಂದರೆ ಅಮ್ಮ ಇವತ್ತಿಗೂ ಕೊಬ್ಬರಿ ಎಣ್ಣೆ ಅದ್ದಿದ ಬಟ್ಟೆಯಲ್ಲಿ ಅದನ್ನು ಉಜ್ಜುತ್ತಾರೆ. ಈ ನೆಲ ಒಂದು ಕಡೆ ಕಿತ್ತರೆ ಅದೇ ಬಣ್ಣಕ್ಕೆ ತೇಪೆ ಹಾಕುವುದು ತುಂಬಾ ಕಷ್ಟ.

ಹೋದ ವರ್ಷ ಸ್ಪೀಕರ್‌ಗಳಿಗೆ ಕಬ್ಬಿಣದ ಸ್ಟ್ಯಾಂಡ್ ತಂದೆ. ಒಂದೊಂದರ ಅಡಿಯಲ್ಲೂ ನಾಲ್ಕು ಚೂಪು ಸ್ಪೈಕ್, ಅಂದರೆ ಮೊಳೆಯಂಥ ಕಾಲು. ಆತುರದಲ್ಲಿ ಹಾಗೇ ನೆಲದ ಮೇಲೆ ನಿಲ್ಲಿಸಿ, ಗೋಡೆ ಕಡೆಗೆ ಎರಡು ಬೆರಳಷ್ಟು ಸರಿಸಿದೆ. ಕರ್ ಅಂತ ಸದ್ದಾಯಿತು. ಬಗ್ಗಿ ನೋಡಿದರೆ ಸಾಸಿವೆ ಕಾಳಿನಷ್ಟು ಗುಳಿ, ಅದರೊಳಗೆ ಬೂದು ಸಿಮೆಂಟು. ಅಮ್ಮ ಏನೂ ಅನ್ನಲಿಲ್ಲ. ಬೆರಳಲ್ಲಿ ಒಮ್ಮೆ ಸವರಿ ನೋಡಿ, ಎದ್ದು ಹೋದರು.

ಸ್ಪೈಕ್ ಮೊನೆ ನೆಲಕ್ಕೆ ತಾಗದ ಹಾಗೆ ಅದರ ಕೆಳಗೆ ಇಡುವ ಪುಟ್ಟ ಬಟ್ಟಲಿಗೆ ಸ್ಪೈಕ್ ಶೂ ಅಂತಾರೆ. ಅವತ್ತು ರಾತ್ರಿಯೇ ಎಂಟು ಹಿತ್ತಾಳೆ ಶೂಗಳ ಸೆಟ್ ತರಿಸಲು ಹಾಕಿದೆ. ಒಂಬೈನೂರು ರೂಪಾಯಿ ಆಯಿತು.

ಸ್ಪೈಕ್ ಇರುವುದೇ ಕಾರ್ಪೆಟ್ ತೂರಿ ಕೆಳಗಿನ ಗಟ್ಟಿ ನೆಲ ಮುಟ್ಟಲಿ ಅಂತ. ನಮ್ಮ ಮನೆಗಳಲ್ಲಿ ಕಾರ್ಪೆಟ್ ಎಲ್ಲಿದೆ? ಸ್ಟ್ಯಾಂಡು, ಸ್ಪೀಕರು ಸೇರಿ 20 ಕೆಜಿ ಅಂದುಕೊಳ್ಳಿ. ಒಂದು ಮೊನೆಯ ಮೇಲೆ 5 ಕೆಜಿ. ಮೊನೆ ಒಂದು ಚದರ ಮಿಲಿಮೀಟರ್ ಇದ್ದರೆ, ಅದು ಚದರ ಸೆಂಟಿಮೀಟರಿಗೆ 500 ಕೆಜಿ ಒತ್ತಿದ ಹಾಗೆ. ಅದೇ ಭಾರ 25 ಮಿಲಿಮೀಟರ್ ಅಗಲದ ಬಟ್ಟಲಿನ ಮೇಲೆ ಹರಡಿದರೆ ಸುಮಾರು 1 ಕೆಜಿ ಮಾತ್ರ!

ಶೂಗಳ ಕೆಲಸ ಅಚ್ಚುಕಟ್ಟಾಗಿದೆ. ನಡುವಿನ ಗುಳಿ ಚೆನ್ನಾಗಿ ಆಳವಾಗಿದೆ, ಮೊನೆ ಜಾರುವುದಿಲ್ಲ. ಕೊಳ್ಳುವಾಗ ಇದನ್ನೇ ಮೊದಲು ನೋಡಿ. ಕೂರಿಸಲು ಮಾತ್ರ ಇಬ್ಬರು ಬೇಕು. ಸ್ಪೀಕರ್ ಇಳಿಸಿ, ತಮ್ಮ ಸ್ಟ್ಯಾಂಡ್ ಎತ್ತಿ ಹಿಡಿದ, ನಾನು ನೆಲಕ್ಕೆ ಕೆನ್ನೆ ತಾಗಿಸಿ ಒಂದೊಂದೇ ಬಟ್ಟಲು ಸರಿಮಾಡಿದೆ. ಆಮೇಲೆ ಸ್ಪೈಕ್ ತಿರುಗಿಸಿ ಅಲುಗಾಟ ನಿಲ್ಲಿಸಿ, ನಟ್ ಬಿಗಿ ಮಾಡಿದೆವು.

ಒಂದೇ ದೂರು. ಶೂಗಳ ಅಡಿಯಲ್ಲಿ ಅಂಟಿಸಿದ್ದ ಫೆಲ್ಟ್ (ಕಂಬಳಿಯಂಥ ದಪ್ಪ ಮೆತ್ತನೆ ಬಟ್ಟೆ) ಮೂರೇ ತಿಂಗಳಿಗೆ ಕಳಚಿತು. ದಿನಾ ನೆಲ ಒರೆಸುವ ಮನೆ, ನೀರು ಒಳಗೆ ಹೋಗಿ ಅಂಟು ಬಿಟ್ಟಿತ್ತು. ಫೆಲ್ಟ್ ಇಲ್ಲದೆ ಹಿತ್ತಾಳೆ ನೇರ ತಾಗಿದರೆ ಅದೂ ಗೀರುತ್ತದೆ, ಅಲ್ವಾ? ಹಳೆಯ ಅಂಟು ಕೆರೆದು, 3 ಮಿಲಿಮೀಟರ್ ಫೆಲ್ಟ್ ಕತ್ತರಿಸಿ, ಚಪ್ಪಲಿಗೆ ಹಾಕುವ ಅಂಟಿನಿಂದ ಕೂರಿಸಿದೆ. ಇನ್ನೂ ಗಟ್ಟಿಯಾಗಿದೆ. ರಬ್ಬರ್ ಬೇಡ ಅಂದುಕೊಂಡೆ. ಎಣ್ಣೆ ಕುಡಿದ ನೆಲದಲ್ಲಿ ಕಪ್ಪು ಕಲೆ ಕೂತರೆ ತೆಗೆಯುವುದು ಹೇಗೆ?

ಶೂ ಹಾಕಿದ್ದಕ್ಕೆ ಧ್ವನಿ ಕೆಟ್ಟಿತಾ ಅಂತ ತುಂಬಾ ಗಮನ ಕೊಟ್ಟು ಕೇಳಿದೆ. ಮೃದಂಗದ ಎಡಗಡೆಯ ಗುಂ ಮೊದಲಿನಷ್ಟೇ ತುಂಬಿ ಬರುತ್ತದೆ. ನನ್ನ ಕಿವಿಗೆ ವ್ಯತ್ಯಾಸ ಸಿಗಲಿಲ್ಲ.

ಈಗ ಸ್ಟ್ಯಾಂಡ್ ಸರಿಸಬೇಕಾದರೆ ತಮ್ಮನನ್ನು ಕರೆಯುತ್ತೇನೆ, ಇಬ್ಬರೂ ಎತ್ತಿಯೇ ಇಡುತ್ತೇವೆ. ಆ ಸಾಸಿವೆ ಗುಳಿ ಹಾಗೇ ಇದೆ. ಗೌರಿ ಹಬ್ಬಕ್ಕೆ ಎಣ್ಣೆ ಉಜ್ಜುವಾಗ ಅಮ್ಮ ಅಲ್ಲಿ ಎರಡು ಸುತ್ತು ಜಾಸ್ತಿ ಉಜ್ಜಿದರು.