ಏರೋಪ್ರೆಸ್: ಒಂದು ಲೋಟ ಕಾಫಿ, ನಮ್ಮ ನಾಲಿಗೆಗೆ ತಕ್ಕಂತೆ

ದಿನಕ್ಕೆ ಒಂದೆರಡು ಲೋಟ ಕಾಫಿ ಕುಡಿಯುವವರು, ಅದರಲ್ಲೂ ಬೇರೆ ಬೇರೆ ಬೀಜ ತಂದು ರುಚಿ ನೋಡುವ ಆಸೆಯಿರುವವರು ಧೈರ್ಯವಾಗಿ ಕೊಳ್ಳಬಹುದಾದ ಸಾಧನ ಏರೋಪ್ರೆಸ್. ನಾಲ್ಕು ಜನರಿಗೆ ಒಟ್ಟಿಗೆ ಕಾಫಿ ಆಗಬೇಕು ಎನ್ನುವವರಿಗೆ ಇದು ಹೇಳಿ ಮಾಡಿಸಿದ್ದಲ್ಲ. ಮಾಮೂಲಿ ಮಾದರಿಯಲ್ಲಿ ಒಂದು ಸಲಕ್ಕೆ ಒಂದೇ ಲೋಟ; ಎರಡನೆಯದಕ್ಕೆ ಬಿಚ್ಚಿ, ತೊಳೆದು, ಮತ್ತೆ ಮೊದಲಿನಿಂದ ಶುರು ಮಾಡಬೇಕು.

ಹಾರುವ ಬಳೆಯಂಥ ಆಟಿಕೆ ಏರೋಬಿಯನ್ನು ರೂಪಿಸಿದ ಅಲನ್ ಆಡ್ಲರ್ ಇದನ್ನು 2005ರಲ್ಲಿ ಮಾರುಕಟ್ಟೆಗೆ ತಂದರು. ಒಂದು ಕೊಳವೆ, ಅದರೊಳಗೆ ಬಿಗಿಯಾಗಿ ಇಳಿಯುವ ಪ್ಲಂಜರ್, ಕೆಳಗೆ ತೂತುಗಳ ಮುಚ್ಚಳ, ಅದರಲ್ಲಿ ಕೂರುವ ಕಾಗದದ ಫಿಲ್ಟರ್. ಇಷ್ಟೇ. ಕರೆಂಟು ಬೇಡ. ಮಾಮೂಲಿ ಮಾದರಿ ಪಾಲಿಪ್ರಾಪಿಲೀನ್‌ನದು, ಕೈಜಾರಿ ಬಿದ್ದರೂ ಸುಲಭಕ್ಕೆ ಒಡೆಯುವುದಿಲ್ಲ.

ಮಾಡುವ ಕ್ರಮ ಹೀಗೆ. ಕಾಗದವನ್ನು ಮುಚ್ಚಳದಲ್ಲಿಟ್ಟು ಬಿಸಿನೀರಿನಲ್ಲಿ ನೆನೆಸಿ, ಕೊಳವೆಗೆ ತಿರುಗಿಸಿ ಬಿಗಿ ಮಾಡಿ. ದಪ್ಪ ಗೋಡೆಯ ಮಗ್ ಮೇಲೆ ನಿಲ್ಲಿಸಿ 15 ಗ್ರಾಂ ಪುಡಿ ಹಾಕಿ. ಪುಡಿ ಅಡುಗೆಯ ಪುಡಿ ಉಪ್ಪಿನಷ್ಟು ನಯವಿರಲಿ. 200 ಮಿಲಿ ಬಿಸಿನೀರು ಸುರಿದು ಹತ್ತು ಸೆಕೆಂಡು ಕಲಕಿ. ತಕ್ಷಣ ಪ್ಲಂಜರ್ ಅನ್ನು ಬಾಯಿಗೆ ಒಂದು ಸೆಂಟಿಮೀಟರ್ ಇಳಿಸಿ ಬಿಟ್ಟುಬಿಡಿ. ಮೇಲಿನಿಂದ ಗಾಳಿ ಒಳಬರುವ ದಾರಿ ಮುಚ್ಚಿದ್ದರಿಂದ ಕೆಳಗಿನ ತೊಟ್ಟಿಕ್ಕುವಿಕೆ ಬಹುಮಟ್ಟಿಗೆ ನಿಲ್ಲುತ್ತದೆ. ಒಂದೂವರೆ ನಿಮಿಷ ಕಾದು ನಿಧಾನವಾಗಿ ಒತ್ತಿ. ಇಡೀ ಒತ್ತುವಿಕೆ 30 ಸೆಕೆಂಡು ಹಿಡಿಯಬೇಕು. ಬುಸ್ ಎನ್ನುವ ಸದ್ದು ಬಂದ ಕೂಡಲೇ ನಿಲ್ಲಿಸಿ. ಹಾಲು ಹಾಕಿ ಕುಡಿಯುವವರು ಅಷ್ಟೇ ಪುಡಿಗೆ 80 ಮಿಲಿ ನೀರು ಹಾಕಿದರೆ ಗಟ್ಟಿ ಡಿಕಾಕ್ಷನ್ ಇಳಿಯುತ್ತದೆ. ಅದನ್ನು ಎಸ್‌ಪ್ರೆಸೊ ಎಂದು ಮಾರುವವರ ಮಾತು ಕೇಳಬೇಡಿ. ಎಸ್‌ಪ್ರೆಸೊ ಯಂತ್ರದ ಒತ್ತಡ ಸುಮಾರು 9 ಬಾರ್, ಅಂದರೆ ಸುತ್ತಲಿನ ಗಾಳಿಯ ಒತ್ತಡದ ಸುಮಾರು ಒಂಬತ್ತು ಪಟ್ಟು; ಕೈಯಲ್ಲಿ ಒತ್ತಿದರೆ ಅದರ ಹತ್ತಿರಕ್ಕೂ ಹೋಗುವುದಿಲ್ಲ.

ಈ ಸಾಧನದ ನಿಜವಾದ ಬೆಲೆ ಇರುವುದು ನೀರಿನ ಬಿಸಿ, ಪುಡಿಯ ನಯ, ಹೊತ್ತು ಈ ಮೂರನ್ನೂ ಬೇರೆ ಬೇರೆಯಾಗಿ ಹಿಡಿತದಲ್ಲಿಡಬಹುದು ಎಂಬುದರಲ್ಲಿ. ಕಾಫಿ ಹುಳಿಯಾಗಿ, ತೆಳ್ಳಗೆ ಬಂತೆಂದರೆ ಸತ್ವ ಪೂರ್ತಿ ಇಳಿದಿಲ್ಲ: ಪುಡಿ ಇನ್ನೂ ನಯ ಮಾಡಿ, ಇಲ್ಲವೇ ನೀರಿನ ಬಿಸಿ ಹೆಚ್ಚಿಸಿ. ಕಹಿಯಾಗಿ, ನಾಲಿಗೆ ಒಣಗಿದಂತಾದರೆ ಅತಿಯಾಗಿ ಇಳಿದಿದೆ: ತರಿಯಾಗಿ ಪುಡಿ ಮಾಡಿ ಅಥವಾ ಬಿಸಿ ಇಳಿಸಿ. ಕಪ್ಪಗೆ ಹುರಿದ ಬೀಜಕ್ಕೆ 80ರಿಂದ 85 ಡಿಗ್ರಿ ಸೆಲ್ಸಿಯಸ್ ಸಾಕು. ತೆಳು ಕಂದು ಹುರಿತದ ಬೀಜ ಗಟ್ಟಿ, ಅದಕ್ಕೆ 92ರಿಂದ 95 ಬೇಕು. ಒಂದು ಲೋಟಕ್ಕೆ ಒಂದೇ ಬದಲಾವಣೆ ಮಾಡಿ. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಎಂಬುದು ಗೊತ್ತೇ ಆಗುವುದಿಲ್ಲ. ಬೀಜ ಚೆನ್ನಾಗಿಲ್ಲ ಎಂದು ಪ್ಯಾಕೆಟ್ ಬದಿಗಿಡುವ ಎಷ್ಟೋ ಸಂದರ್ಭಗಳಲ್ಲಿ ತಪ್ಪು ಬೀಜದ್ದಲ್ಲ, ನೀರಿನದು.

ಇದರಿಂದ ಕೊಳ್ಳುವ ರೀತಿಯೂ ಬದಲಾಗುತ್ತದೆ. ಲೋಟಕ್ಕೆ 15 ಗ್ರಾಂ ಎಂದರೆ 250 ಗ್ರಾಂ ಪ್ಯಾಕೆಟ್‌ಗೆ 16 ಲೋಟ. ದಿನಕ್ಕೊಂದೇ ಕುಡಿಯುವವರು ಕಿಲೋ ಪ್ಯಾಕೆಟ್ ತಂದರೆ ಕೊನೆಯ ಭಾಗ ಎರಡು ತಿಂಗಳು ದಾಟಿ ಸಪ್ಪೆಯಾಗಿರುತ್ತದೆ, ಅಗ್ಗ ಎನಿಸಿದ್ದು ದುಬಾರಿಯಾಗುತ್ತದೆ. ಪ್ಯಾಕೆಟ್ ಮೇಲೆ ಹುರಿದ ದಿನಾಂಕ ಹುಡುಕಿ. ಬಳಕೆಯ ಗಡುವು ಮಾತ್ರ ಇದ್ದರೆ ಅದು ಎಷ್ಟು ಹಳೆಯದೋ ಹೇಳಲಾಗದು. ಹುರಿದ ಮರುದಿನವೇ ಮಾಡಬೇಡಿ. ಬೀಜದೊಳಗೆ ಇಂಗಾಲದ ಡೈಆಕ್ಸೈಡ್ ತುಂಬಿದ್ದು, ನೀರು ಬಿದ್ದೊಡನೆ ನೊರೆ ಉಕ್ಕಿ ಪುಡಿ ಸಮವಾಗಿ ನೆನೆಯುವುದಿಲ್ಲ. ವಾರ ಬಿಟ್ಟು ಪ್ಯಾಕೆಟ್ ಒಡೆದು, ತಿಂಗಳೊಳಗೆ ಮುಗಿಸುವುದು ಒಳ್ಳೆಯ ರೂಢಿ. ಪುಡಿ ಮಾಡಿಸಿಯೇ ತರುವವರು ಫ್ರೆಂಚ್ ಪ್ರೆಸ್‌ಗೆ (ಜಾಲರಿಯಿಂದ ಒತ್ತಿ ಸೋಸುವ ಕಾಫಿ ಜಾಡಿಗೆ) ಮಾಡಿಕೊಡುವ ತರಿ ಬೇಡವೆಂದು ಅಂಗಡಿಯಲ್ಲಿ ಬಾಯಿಬಿಟ್ಟು ಹೇಳಬೇಕು.

ಒತ್ತುವಾಗ ಕೈಗೆ ಏನೂ ತಡೆ ಸಿಗದೆ ಪ್ಲಂಜರ್ ಸರ್ರನೆ ಇಳಿದರೆ ಪುಡಿ ತರಿ. ಕಲ್ಲಿನಂತೆ ನಿಂತರೆ ತೀರಾ ನಯ. ಆಗ ಮೈಭಾರ ಹಾಕಿ ಒತ್ತಲೇಬೇಡಿ, ಮಗ್ ಜಾರಿ ಬಿಸಿನೀರು ಕೈಮೇಲೆ ಬೀಳುತ್ತದೆ. ಪ್ಲಂಜರ್ ಅನ್ನು ತುಸು ಮೇಲಕ್ಕೆಳೆದು, ಹತ್ತು ಸೆಕೆಂಡು ಬಿಟ್ಟು ಮತ್ತೆ ನಿಧಾನವಾಗಿ ಒತ್ತಿ. ತೆಳು ಗಾಜಿನ ಲೋಟದ ಮೇಲಂತೂ ಇಡಲೇಬಾರದು. ತಲೆಕೆಳಗಾಗಿ ನಿಲ್ಲಿಸಿ ನೆನೆಸಿ, ಆಮೇಲೆ ಮಗ್ ಮೇಲೆ ತಿರುಗಿಸುವ ವಿಧಾನ ಬಹಳ ಪ್ರಚಾರದಲ್ಲಿದೆ. ಮುಚ್ಚಳ ಸರಿಯಾಗಿ ಕೂರದಿದ್ದರೆ ಅಥವಾ ಪ್ಲಂಜರ್ ಕಳಚಿದರೆ ಸುಡುವ ಕಾಫಿಯೆಲ್ಲ ಮೈಮೇಲೆ. ಮೇಲೆ ಹೇಳಿದ ಪ್ಲಂಜರ್ ಉಪಾಯದಿಂದ ಅದೇ ಕೆಲಸ ಆಗುವಾಗ ಆ ಅಪಾಯ ಬೇಕಿಲ್ಲ.

ತೊಳೆಯುವುದು ಅರ್ಧ ನಿಮಿಷದ ಕೆಲಸ. ಮುಚ್ಚಳ ಬಿಚ್ಚಿ ಪೂರ್ತಿ ಒತ್ತಿದರೆ ಚರಟ ಬಿಲ್ಲೆಯಾಗಿ ಹೊರಬೀಳುತ್ತದೆ. ಆಮೇಲೆ ಪ್ಲಂಜರ್ ಅನ್ನು ಅರ್ಧ ಒಳಗೆ ಬಿಟ್ಟು ಎತ್ತಿಡಬೇಡಿ. ಅದರ ತುದಿಯ ರಬ್ಬರಿನಂಥ ಸೀಲ್ ಅದುಮಿಕೊಂಡೇ ಇದ್ದು ಬಿಗಿ ಕಳೆದುಕೊಳ್ಳುತ್ತದೆ. ಪಕ್ಕದಿಂದ ಕಾಫಿ ಜಿನುಗತೊಡಗಿದರೆ ಸೀಲ್ ಸವೆದಿದೆ ಎಂದರ್ಥ, ಅದೊಂದನ್ನೇ ಬೇರೆ ಕೊಳ್ಳಬಹುದು.

ಕಾಗದ ಎಣ್ಣೆಯನ್ನೂ ನುಣುಪು ಪುಡಿಯನ್ನೂ ಹಿಡಿದಿಡುವುದರಿಂದ ಕಾಫಿ ತಿಳಿಯಾಗಿ ಬರುತ್ತದೆ. ಜಾಲಾಡಿಸಿದರೆ ಒಂದೇ ಕಾಗದವನ್ನು ಎರಡು ಮೂರು ಸಲ ಬಳಸಬಹುದು. ದಪ್ಪ, ಜಿಡ್ಡಿನ ಕಾಫಿ ಇಷ್ಟಪಡುವವರು ಸ್ಟೀಲ್ ಫಿಲ್ಟರ್ ಕೊಳ್ಳಲಿ, ಆದರೆ ಲೋಟದ ತಳದಲ್ಲಿ ತುಸು ಗಸಿ ಉಳಿಯುತ್ತದೆ. ಪ್ರಯಾಣಕ್ಕೆ ಮಗ್ ಸಮೇತ ಬರುವ ಗೋ ಮಾದರಿ ಇದೆ, ಅದು ಇನ್ನೂ ಚಿಕ್ಕದು. ಇಬ್ಬರಿಗಾದರೆ ದುಪ್ಪಟ್ಟು ಹಿಡಿಯುವ ಎಕ್ಸ್ಎಲ್ ನೋಡಿ. ಒಬ್ಬರಿಗೇ ಆದರೆ ಮಾಮೂಲಿ ಮಾದರಿ ಕೊಂಡು, ಉಳಿದ ಹಣಕ್ಕೆ 0.1 ಗ್ರಾಂವರೆಗೆ ತೋರಿಸುವ ತಕ್ಕಡಿ ತನ್ನಿ.