ಸ್ಪೆಕ್ಟ್ರಮ್ 48ಕೆ: ಯಂತ್ರ ಗಟ್ಟಿ, ಕೀಬೋರ್ಡಿನ ಬಾಲ ಹಪ್ಪಳ

ಕೆಟ್ಟುಹೋಗಿದೆ ಎಂದು ಅಗ್ಗಕ್ಕೆ ಮಾರುವ ಸಿಂಕ್ಲೇರ್ ಸ್ಪೆಕ್ಟ್ರಮ್, ಎಂಬತ್ತರ ದಶಕದ ಬ್ರಿಟಿಷ್ ಹೋಮ್ ಕಂಪ್ಯೂಟರ್, ಎಷ್ಟೋ ಸಲ ಕೆಟ್ಟೇ ಇರುವುದಿಲ್ಲ. ಹೋಗಿರುವುದು ಕೀಬೋರ್ಡಿನ ಮೆಂಬ್ರೇನ್ ಮಾತ್ರ. ರಬ್ಬರ್ ಹಾಸಿನ ಕೆಳಗಿನ ಈ ಪ್ಲಾಸ್ಟಿಕ್ ಹಾಳೆಯಿಂದ ಎರಡು ಬಾಲಗಳು ಇಳಿದು ಬೋರ್ಡಿಗೆ ಸೇರುತ್ತವೆ. ಒಂದರಲ್ಲಿ ಐದು ಗೆರೆ, ಇನ್ನೊಂದರಲ್ಲಿ ಎಂಟು. ವರ್ಷಗಟ್ಟಲೆ ಬಿಸಿ ತಿಂದ ಬಾಲ ಹಪ್ಪಳವಾಗಿ, ಮುಚ್ಚಳ ಎತ್ತಿದೊಡನೆ ಮುರಿಯುತ್ತದೆ.

ಎಲ್ಲಿ ಮುರಿದಿದೆ ಎಂದು ತಿರುಪು ಬಿಚ್ಚದೆಯೇ ತಿಳಿಯಬಹುದು. ಕ್ಯೂ, ಡಬ್ಲ್ಯು, ಇ, ಆರ್, ಟಿ ಐದೂ ಒಟ್ಟಿಗೆ ಸತ್ತಿದ್ದರೆ ಎಂಟು ಗೆರೆಯ ಬಾಲ. 1, 0, ಕ್ಯೂ, ಪಿ, ಎ, ಎಂಟರ್, ಸ್ಪೇಸ್, ಕ್ಯಾಪ್ಸ್ ಶಿಫ್ಟ್ ಸತ್ತಿದ್ದರೆ ಐದು ಗೆರೆಯದು. ಬಾಲದ ತುದಿಯನ್ನು ಮೂರ್ನಾಲ್ಕು ಮಿಲಿಮೀಟರ್ ಕತ್ತರಿಸಿ ಮತ್ತೆ ತುರುಕುವುದುಂಟು, ಆದರೆ ಅದು ಬಹುಕಾಲ ಬಾಳುವುದಿಲ್ಲ. ಹೊಸ ಮೆಂಬ್ರೇನ್ ಈಗಲೂ ತಯಾರಾಗುತ್ತದೆ. ಹಾಕುವಾಗ ಕಷ್ಟವಿರುವುದು ಮೇಲಿನ ಲೋಹದ ತಗಡಿನಲ್ಲಿ: ಅಂಟು ಪಟ್ಟಿಯಲ್ಲಿ ಕೂತಿರುತ್ತದೆ, ಅವಸರದಿಂದ ಕಿತ್ತರೆ ಮಡಿಕೆ ಬೀಳುತ್ತದೆ, ಬಿದ್ದ ಮಡಿಕೆ ಹೋಗುವುದಿಲ್ಲ. ಹೇರ್ ಡ್ರೈಯರಿನಿಂದ ಬಿಸಿ ಮಾಡಿ, ತೆಳು ಪ್ಲಾಸ್ಟಿಕ್ ಕಾರ್ಡನ್ನು ಅಂಚಿನುದ್ದಕ್ಕೂ ನಿಧಾನವಾಗಿ ಸರಿಸಬೇಕು.

ಬಾಲವನ್ನು ಹಪ್ಪಳ ಮಾಡುವ ಬಿಸಿಗೆ ಮೂಲ ಕೇಂಬ್ರಿಜಿನ ಸಿಂಕ್ಲೇರ್ ಕಂಪನಿಯ ಜಿಪುಣತನ. 1982ರ ಏಪ್ರಿಲಿನಲ್ಲಿ 16 ಕಿಲೋಬೈಟ್ ನೆನಪಿನ 16ಕೆಗೆ 125 ಪೌಂಡ್, 48ಕೆಗೆ 175 ಪೌಂಡ್ ಎಂದು ಅದರ ಸ್ಥಾಪಕ ಕ್ಲೈವ್ ಸಿಂಕ್ಲೇರ್ ಬೆಲೆ ಕಟ್ಟಿದರು. ಅದಕ್ಕೆ ತಕ್ಕಂತೆ ಒಳಗೆಲ್ಲ ಉಳಿತಾಯ. ಅಡಾಪ್ಟರಿನ 9 ವೋಲ್ಟನ್ನು 7805 ರೆಗ್ಯುಲೇಟರ್ 5ಕ್ಕೆ ಇಳಿಸುತ್ತದೆ, ಮಿಕ್ಕಿದ್ದೆಲ್ಲ ಶಾಖ. 48ಕೆಯ ಮೇಲಿನ 32ಕೆ ನೆನಪಿಗೆ ಅರ್ಧ ಕೆಟ್ಟ 64 ಕಿಲೋಬಿಟ್ ಚಿಪ್‌ಗಳ ಒಳ್ಳೆಯ ಅರ್ಧ. ಮೊದಲ ಬೋರ್ಡುಗಳಲ್ಲಂತೂ ವಿನ್ಯಾಸದ ತಪ್ಪು ಸರಿಪಡಿಸಲು ಅಂಗಾತ ಅಂಟಿಸಿದ ಚಿಪ್ ಒಂದಿದೆ. ಸತ್ತ ಜಿರಲೆ ಎಂದೇ ಅದರ ಅಡ್ಡಹೆಸರು. ಪವರ್ ಸ್ವಿಚ್ಚೂ ಇಲ್ಲ, ಪ್ಲಗ್ ಕೀಳಬೇಕು. ಅಡಾಪ್ಟರ್ ಬದಲಿಸುವವರು ಎಚ್ಚರ: ಇದರ ಪಿನ್ನಿನ ನಡುಭಾಗ ನೆಗೆಟಿವ್. ಕೆಳಗಿನ 16ಕೆ ನೆನಪಿನ 4116 ಚಿಪ್‌ಗಳಿಗೆ 5, 12, ಮೈನಸ್ 5 ಮೂರೂ ವೋಲ್ಟೇಜ್ ಬೇಕು. ಆನ್ ಇರುವಾಗಲೇ ಹಿಂಬದಿಯ ಕನೆಕ್ಟರಿಗೆ ಏನಾದರೂ ಸಿಕ್ಕಿಸಿದರೆ ಮೊದಲು ಸಾಯುವುದು ಅವುಗಳ ವಿದ್ಯುತ್ ನಡೆಸುವ ಟಿಆರ್4 ಟ್ರಾನ್ಸಿಸ್ಟರ್, ಅದರ ಬೆನ್ನಿಗೆ ಚಿಪ್‌ಗಳು.

ಇಷ್ಟೆಲ್ಲ ಬೈದ ಮೇಲೂ ಆಟದ ಕ್ಯಾಸೆಟ್ ಹಾಕಿದಾಗ ಸಿಟ್ಟು ಇಳಿಯುತ್ತದೆ. ಜೆ ಒತ್ತಿದರೆ ಲೋಡ್ ಎಂಬ ಪದ ಇಡಿಯಾಗಿ ಬೀಳುತ್ತದೆ; ಸಿಂಬಲ್ ಶಿಫ್ಟ್ ಹಿಡಿದು ಪಿ ಎರಡು ಬಾರಿ, ಎಂಟರ್, ಟೇಪಿನ ಪ್ಲೇ. ಪರದೆಯ ಅಂಚಿನಲ್ಲಿ ಕೆಂಪು-ತಿಳಿನೀಲಿ ಪಟ್ಟೆ ಅಗಲವಾಗಿ ಹರಿದರೆ ಸದ್ದು ಸಿಕ್ಕಿದೆ ಎಂದರ್ಥ, ನೀಲಿ-ಹಳದಿ ಚುರುಕಾಗಿ ಮಿಡಿದರೆ ಮಾಹಿತಿ ಬರುತ್ತಿದೆ. ಟೇಪ್ ರೆಕಾರ್ಡರಿನ ವಾಲ್ಯೂಮ್ ಮುಕ್ಕಾಲರಲ್ಲಿ, ಟ್ರೆಬಲ್ ಪೂರ್ತಿ ಮೇಲೆ. ಮತ್ತೆ ಮತ್ತೆ ಎಡವಿದರೆ ಟೇಪ್ ಓದುವ ಹೆಡ್ಡಿನ ಪಕ್ಕದ ಸಣ್ಣ ತಿರುಪನ್ನು ಸದ್ದು ಮೊನಚಾಗುವವರೆಗೆ ತಿರುಗಿಸಿ. ಸೇವ್ ಮಾಡುವಾಗ ಇಯರ್ ಸಾಕೆಟ್ಟಿನ ತಂತಿ ಕಿತ್ತಿಡಿ. 48ಕೆ ತುಂಬಿಸುವ ಆಟಕ್ಕೆ ಐದು ನಿಮಿಷದ ಆಸುಪಾಸು. ಕಾಫಿ ಸೋಸಿ ತರುವಷ್ಟು ಹೊತ್ತು.

ರಿಪೇರಿಗೆ ಕೈ ಹಾಕದವರಿಗೆ ಇದು ಬೇಡ. ಸಿಂಕ್ಲೇರರ ಕ್ಯೂಎಲ್ ಕಂಪ್ಯೂಟರ್ ಮತ್ತು ಸಿ5 ವಿದ್ಯುತ್ ವಾಹನ ಕೈಕೊಟ್ಟ ಮೇಲೆ 1986ರಲ್ಲಿ 50 ಲಕ್ಷ ಪೌಂಡಿಗೆ ಅವರ ಕಂಪ್ಯೂಟರ್ ವ್ಯವಹಾರವನ್ನು ಕೊಂಡ ಬ್ರಿಟಿಷ್ ಕಂಪನಿ ಆಮ್‌ಸ್ಟ್ರಾಡ್, ಅದೇ ವರ್ಷ ಗಟ್ಟಿ ಗುಂಡಿಗಳ, ಟೇಪ್ ಒಳಗೇ ಇರುವ ಸ್ಪೆಕ್ಟ್ರಮ್ ಪ್ಲಸ್2 ತಂದಿತು. ಅಂಥವರು ಅದನ್ನು ನೋಡಬಹುದು. ಆದರೆ ಅದರ ಹೆಚ್ಚಿನ ಗುಂಡಿಗಳ ಮೇಲೆ ಬೇಸಿಕ್ ಪ್ರೋಗ್ರಾಮಿಂಗ್ ಭಾಷೆಯ ಪದಗಳ ಅಚ್ಚಿಲ್ಲ. ಹಳೆಯ 48ಕೆಯಂತೆ ವರ್ತಿಸುವ 48 ಬೇಸಿಕ್‌ಗೆ ಹೋದರೆ ಯಾವ ಪದ ಎಲ್ಲಿದೆ ಎನ್ನುವುದು ಬೆರಳಿಗೇ ಗೊತ್ತಿರಬೇಕು.